ಬೇಸಿಗೆಯಲ್ಲಿ ಮಾಯವಾಗುವ ಗೌರಿ ಹೂ

ಚೌತಿ ಹತ್ತಿರ ಬಂತೆಂದರೆ ಉತ್ತರ ಕನ್ನಡದ ಹಳ್ಳಿಗಳಲ್ಲಿ ಬೆಟ್ಟಕ್ಕೆ ಹೋಗುವವರ ಗಡಿಬಿಡಿ ಶುರು. ಗಣಪತಿಯ ತಲೆಯ ಮೇಲೆ ಕಟ್ಟುವ ಫಲಾವಳಿಗೆ ಕಾಡಿನ ಕಾಯಿ, ಸೊಪ್ಪು, ಹೂ ಎಲ್ಲ ಬೇಕು. ಅಡಿಕೆ ಗೊನೆ, ಮಾವಿನೆಲೆಗಳ ನಡುವೆ ಕಣ್ಣಿಗೆ ಹೊಡೆಯುವ ಹಾಗೆ ತೂಗುವುದು ಒಂದು ಹೂ: ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಅಂಚೆಲ್ಲ ನೆರಿಗೆ ನೆರಿಗೆ. ಭಾದ್ರಪದದ ಗೌರಿ ಬರುವ ಹೊತ್ತಿಗೇ ಬೇಲಿಸಾಲಿನಲ್ಲಿ ಅರಳುವುದರಿಂದ ಅದು ಗೌರಿ ಹೂ. ಅಗ್ನಿಶಿಖೆ, ಶಿವಶಕ್ತಿ, ಅಕ್ಕತಂಗಿ ಬಳ್ಳಿ ಎಂದು ಕರೆಯುವ ಸೀಮೆಗಳೂ ಉಂಟು.

ಚೆನ್ನೈಯಲ್ಲಿ ಅದೇ ಬಳ್ಳಿ ಬೇರೆ ಪಂಚಾಂಗ ನೋಡುತ್ತದೆ. ಅಲ್ಲಿ ಅದು ಮೈತುಂಬ ಹೂ ಬಿಡುವುದು ಹಿಂಗಾರಿನ ಮಳೆ ಇಳಿದ ಮೇಲೆ, ಅಕ್ಟೋಬರ್‌ನಿಂದ ಈಚೆಗೆ, ಮನೆಯ ಹೊಸ್ತಿಲಲ್ಲಿ ಕಾರ್ತಿಗೈ ದೀಪ ಹಚ್ಚುವ ದಿನಗಳಲ್ಲಿ. ಊರವರ ಬಾಯಲ್ಲಿ ಅದು ಕಾರ್ತಿಗೈಪ್ಪೂ, ಪುಸ್ತಕದ ತಮಿಳಿನಲ್ಲಿ ಸೆಂಗಾಂದಳ್. ಸಸ್ಯಶಾಸ್ತ್ರದವರಿಗೆ ಗ್ಲೋರಿಯೋಸಾ ಸುಪರ್ಬಾ. ತಮಿಳುನಾಡು ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿರುವುದು ಇದನ್ನೇ. ಕರ್ನಾಟಕದ ರಾಜ್ಯಪುಷ್ಪ ಕಮಲಕ್ಕೆ ಕೊಳ ಬೇಕು. ನೆರೆಯವರ ರಾಜ್ಯಪುಷ್ಪಕ್ಕೆ ಮುಳ್ಳುಬೇಲಿಯೊಂದಿದ್ದರೆ ಸಾಕು.

ಇಷ್ಟೆಲ್ಲ ಗೌರವ ಪಡೆದ ಹೂವನ್ನು ಆ ರಾಜ್ಯದ ರಾಜಧಾನಿಯ ಮನೆಗಳಲ್ಲಿ ಹುಡುಕಿದರೆ ಸಿಗುವುದು ಅಪರೂಪ. ತಿರುವಾನ್ಮಿಯೂರಿನಿಂದ ಅಣ್ಣಾನಗರದವರೆಗೆ ಯಾವ ತಾರಸಿಗೆ ಹತ್ತಿದರೂ ಕಾಣುವುದು ಬ್ರೆಜಿಲಿನ ಬೋಗನ್‌ವಿಲ್ಲಾ, ಮಡಗಾಸ್ಕರಿನ ನಿತ್ಯಪುಷ್ಪ, ಆಫ್ರಿಕಾದ ಅಡೀನಿಯಂ, ದಕ್ಷಿಣ ಅಮೆರಿಕದ ಹತ್ತು ಗಂಟೆ ಹೂ. ಇವೆಲ್ಲ ಒಳ್ಳೆಯ ಗಿಡಗಳೇ, ಜಗಳವಿಲ್ಲ. ಆದರೆ ಇದೇ ಮಣ್ಣಿನಲ್ಲಿ ಹುಟ್ಟಿ, ಇಲ್ಲಿನ ಬಿಸಿಲು ಮಳೆಗಳ ಲೆಕ್ಕಾಚಾರವನ್ನು ಅರೆದು ಕುಡಿದಿರುವ ಬಳ್ಳಿಯೊಂದು ನರ್ಸರಿಗಳ ಸಾಲಿನಲ್ಲಿ ಕಾಣದೇ ಹೋಗಿರುವುದು ವಿಚಿತ್ರ. ಕಾರಣ ಕೇಳಿದರೆ ಎರಡು ಉತ್ತರ ಬರುತ್ತವೆ. ಒಂದು, ಅದು ವಿಷ. ಎರಡು, ಅರ್ಧ ವರ್ಷ ಕುಂಡ ಖಾಲಿ ಇರುತ್ತದೆ. ಮೊದಲನೆಯದು ನಿಜವಾದ ಆತಂಕ, ಅದಕ್ಕೆ ಮುಂದೆ ಬರೋಣ. ಎರಡನೆಯದನ್ನು ದೋಷವೆಂದು ಎಣಿಸಿರುವುದೇ ತಪ್ಪು. ಚೆನ್ನೈಯಂಥ ಊರಿಗೆ ಆ ಖಾಲಿ ಕುಂಡವೇ ಬಳ್ಳಿಯ ದೊಡ್ಡ ಗುಣ.

ಚೆನ್ನೈಗೆ ಮಳೆ ಕಡಿಮೆ ಎಂಬುದು ಹೊರಗಿನವರ ಭ್ರಮೆ. ವರ್ಷಕ್ಕೆ ಸರಾಸರಿ ಸುಮಾರು 1,400 ಮಿಲಿಮೀಟರ್ ಬೀಳುತ್ತದೆ, ಬೆಂಗಳೂರಿಗಿಂತ ಹೆಚ್ಚು. ಆದರೆ ಅದರಲ್ಲಿ ಅರ್ಧಕ್ಕಿಂತ ಮಿಕ್ಕು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಸುರಿದು ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆಯ ಗುಡುಗುಮಳೆ ಆಗೀಗ. ಜನವರಿಯಿಂದ ಮೇವರೆಗೆ ಆಕಾಶ ಬಹುಪಾಲು ಬೋಳು. ಹಿಂಗಾರು ಕೈಕೊಟ್ಟ ವರ್ಷದ ಮರು ಬೇಸಿಗೆ ಹೇಗಿರುತ್ತದೆ ಎಂಬುದನ್ನು ನಗರ 2019ರಲ್ಲಿ ಕಂಡಿತು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ, ಊರಿಗೆ ನೀರುಣಿಸುವ ನಾಲ್ಕೂ ಜಲಾಶಯಗಳು ಆ ಜೂನ್ ತಿಂಗಳಲ್ಲಿ ತಳ ಕಂಡವು. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳ ರೈಲು 25 ಲಕ್ಷ ಲೀಟರ್ ನೀರು ಹೊತ್ತು ವಿಲ್ಲಿವಾಕ್ಕಂಗೆ ಬಂತು. ಕನ್ನಡದ ಓದುಗರಿಗೆ ಇನ್ನೊಂದು ಮಾತು: ಆ ರೈಲಿನಲ್ಲಿದ್ದದ್ದು ಕಾವೇರಿ.

ಕೊಡ ಹಿಡಿದು ಲಾರಿಯ ಹಿಂದೆ ಓಡುವ ಊರಿನಲ್ಲಿ ಕ್ರೋಟನ್ನಿಗೆ ನೀರು ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಆ ಬೇಸಿಗೆಯಲ್ಲಿ ಎಷ್ಟೋ ತಾರಸಿ ತೋಟಗಳು ಒಣಗಿಹೋದವು. ಅದೇ ಹೊತ್ತಿನಲ್ಲಿ ಪೊದೆಗಾಡಿನ ಒಣ ನೆಲದಡಿ ಗೌರಿ ಹೂವಿನ ಗಡ್ಡೆಗಳು ಒಂದು ತೊಟ್ಟು ನೀರನ್ನೂ ಕೇಳದೆ ಮಲಗಿರುತ್ತವೆ.

ಬರ ತಾಳಿಕೊಳ್ಳುವ ಗಿಡಗಳಲ್ಲಿ ಬಗೆಗಳಿವೆ. ಕಳ್ಳಿಯಂಥವು ಮೈಯಲ್ಲಿ ನೀರು ತುಂಬಿಟ್ಟುಕೊಳ್ಳುತ್ತವೆ. ಬೇವಿನಂಥವು ಬೇರನ್ನು ಆಳಕ್ಕೆ ಕಳಿಸುತ್ತವೆ. ಗೌರಿ ಹೂವಿನದು ಮೂರನೆಯ ಉಪಾಯ: ಬರ ಬರುವ ಮುಂಚೆ ಎದ್ದು ಹೋಗಿಬಿಡುವುದು. ಮಳೆ ಬಿದ್ದೊಡನೆ ಗಡ್ಡೆ ಕಣ್ಣು ಬಿಡುತ್ತದೆ. ಕೆಲವೇ ವಾರಗಳಲ್ಲಿ ಬಳ್ಳಿ ಆಳೆತ್ತರ ಏರುತ್ತದೆ, ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ. ಈ ಗಲಾಟೆಯ ನಡುವೆಯೇ ನೆಲದೊಳಗೆ ಮುಂದಿನ ವರ್ಷದ ಗಡ್ಡೆ ತಯಾರಾಗುತ್ತಿರುತ್ತದೆ, ಹಳೆಯದು ಬತ್ತಿ ಸಿಪ್ಪೆಯಾಗುತ್ತದೆ. ಮಣ್ಣು ಒಣಗುವ ಹೊತ್ತಿಗೆ ಬಳ್ಳಿ ಹಳದಿಯಾಗಿ ಬಿದ್ದುಹೋಗಿ, ಅಲ್ಲೊಂದು ಗಿಡ ಇತ್ತೆಂಬ ಗುರುತೂ ಉಳಿಯುವುದಿಲ್ಲ. ನೋಡಿದವರು ಸತ್ತಿತೆಂದು ಕುಂಡ ಕವುಚಿ ಹಾಕುತ್ತಾರೆ. ಬದುಕಿರುವ ಗಡ್ಡೆ ಕಸದ ಗಾಡಿ ಹತ್ತುತ್ತದೆ.

ಗಡ್ಡೆಯ ರೂಪವೂ ನೋಡುವಂಥದ್ದು. ಕಂದು ಸಿಪ್ಪೆ, ಬೆರಳು ಗಾತ್ರದ ಎರಡು ತೋಳು, ಒಂದಕ್ಕೊಂದು ಕೋನವಾಗಿ ಕೂಡಿಕೊಂಡು ನೇಗಿಲಿನ ಆಕಾರ. ಸಂಸ್ಕೃತದ ಲಾಂಗಲಿ, ತಮಿಳಿನ ಕಲಪ್ಪೈ ಕಿಳಂಗು ಎರಡೂ ಹೆಸರು ಬಂದಿರುವುದು ಈ ಆಕಾರದಿಂದ. ತೋಳಿನ ತುದಿಯಲ್ಲಿ ಒಂದೇ ಒಂದು ಮೊಳಕೆಗಣ್ಣು. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಒಂದು ಹೋದರೆ ಇನ್ನೊಂದು. ಇದಕ್ಕೆ ಆ ಸೌಕರ್ಯವಿಲ್ಲ. ತುದಿ ಮುರಿದರೆ ಆ ತೋಳಿನಿಂದ ಬಳ್ಳಿ ಬರುವ ಆಸೆ ಬಿಡಬೇಕು. ಗಡ್ಡೆ ತರುವಾಗ, ತೊಳೆಯುವಾಗ, ನೆಡುವಾಗ ಜಾಗ್ರತೆ ಬೇಕಾಗುವುದು ಅದಕ್ಕೇ.

ಹತ್ತುವ ರೀತಿಯಲ್ಲೂ ಇದರದ್ದು ಸ್ವಂತ ದಾರಿ. ಅವರೆ ಬಳ್ಳಿಯಂತೆ ಕಾಂಡವನ್ನು ಸುತ್ತಿಸುವುದಿಲ್ಲ, ಹಾಗಲದಂತೆ ಬೇರೆ ಕುಡಿಯನ್ನೂ ಬಿಡುವುದಿಲ್ಲ. ಎಲೆಯ ತುದಿಯೇ ಸಪೂರವಾಗುತ್ತ ಹೋಗಿ ಸುರುಳಿಯಾಗುತ್ತದೆ. ಆ ಸುರುಳಿಗೆ ಸಿಕ್ಕ ಕಡ್ಡಿಯನ್ನು ಎಲೆ ಹಿಡಿದುಕೊಳ್ಳುತ್ತದೆ, ಕಾಂಡ ಮೇಲೇರುತ್ತದೆ. ಆದ್ದರಿಂದ ಆಸರೆ ತೆಳ್ಳಗಿರಬೇಕು. ದಪ್ಪ ಪಿವಿಸಿ ಪೈಪು ನೆಟ್ಟು, ಬಳ್ಳಿ ಹತ್ತುತ್ತಿಲ್ಲ ಎಂದು ದೂರುವವರಿದ್ದಾರೆ. ಎಲೆಯ ತುದಿಗೆ ಪೈಪನ್ನು ಅಪ್ಪಿಕೊಳ್ಳುವಷ್ಟು ಉದ್ದವಿಲ್ಲ. ಬಿದಿರಿನ ಸಣ್ಣ ಕಡ್ಡಿ, ತಂತಿಬಲೆ, ಸೆಣಬಿನ ಹುರಿ, ಇಲ್ಲವೇ ಪಕ್ಕದಲ್ಲೇ ಇರುವ ಒಂದು ದಾಸವಾಳದ ಪೊದೆ, ಇಷ್ಟು ಇದ್ದರೆ ಆರೇಳು ಅಡಿ ಸಲೀಸಾಗಿ ಏರುತ್ತದೆ.

ಇನ್ನು ಹೂ. ಮೊಗ್ಗು ತೊಟ್ಟಿನ ತುದಿಯಲ್ಲಿ ತಲೆ ತಗ್ಗಿಸಿ ನೇತಾಡುತ್ತದೆ, ಬಣ್ಣ ತಿಳಿಹಸಿರು. ಬಿರಿಯುವಾಗ ಆರು ಎಸಳುಗಳೂ ಹಿಂದಕ್ಕೆ ಮಡಚಿ ಮೇಲ್ಮುಖವಾಗುತ್ತವೆ. ತೊಟ್ಟು ನೆಲ ನೋಡುತ್ತಿದ್ದರೂ ಎಸಳು ಆಕಾಶಕ್ಕೆ ಕೈಚಾಚಿದ ಹಾಗೆ. ಮೊದಲ ದಿನ ಹಸಿರು ಬೆರೆತ ಹಳದಿ. ಆಮೇಲೆ ಹಸಿರು ಮಾಯವಾಗಿ ಬುಡ ಹಳದಿ, ತುದಿ ಕೆಂಪು. ದಿನ ಕಳೆದಂತೆ ಕೆಂಪು ಕೆಳಗಿಳಿದು ಹಳದಿಯನ್ನು ನುಂಗುತ್ತದೆ. ಕೊನೆಗೆ ಇಡೀ ಹೂ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಬೇರೆ ಬೇರೆ ದಿನ ಬಿರಿದ ಹೂಗಳು ಇರುವುದರಿಂದ ಏಕಕಾಲಕ್ಕೆ ಈ ಎಲ್ಲ ಬಣ್ಣಗಳೂ ಕಾಣುತ್ತವೆ. ಎಸಳುಗಳ ಕೆಳಗೆ ಆರು ಕೇಸರಗಳು ಸುತ್ತ ಚಾಚಿಕೊಂಡಿರುತ್ತವೆ. ಹೆಣ್ಣುಭಾಗದ ಉದ್ದ ದಂಡು ಮಾತ್ರ ಬುಡದಲ್ಲೇ ಪಕ್ಕಕ್ಕೆ ತಿರುಗಿ, ತನ್ನದೇ ಕೇಸರಗಳಿಂದ ದೂರ ಸರಿದು ನಿಂತಿರುತ್ತದೆ. ತನ್ನ ಪರಾಗ ತನಗೇ ತಾಗುವುದನ್ನು ತಪ್ಪಿಸಿಕೊಳ್ಳುವ ಏರ್ಪಾಡು ಇದು. ಚಿಟ್ಟೆ, ಸೂರಕ್ಕಿಗಳು ಮಕರಂದಕ್ಕೆ ಬಂದಾಗ ಪರಾಗ ಒಂದು ಹೂವಿನಿಂದ ಇನ್ನೊಂದಕ್ಕೆ ದಾಟುತ್ತದೆ.

ಸಂಗಂ ಕಾಲದ ತಮಿಳು ಕವಿಗಳಿಗೆ ಈ ಎಸಳುಗಳು ಹೆಣ್ಣಿನ ಬೆರಳಾಗಿ ಕಂಡವು. ಕಪಿಲರ್ ಬರೆದ ‘ಕುರಿಂಜಿಪ್ಪಾಟ್ಟು’ವಿನಲ್ಲಿ ಬೆಟ್ಟದ ಹುಡುಗಿಯರು ಹೊಳೆಯಲ್ಲಿ ಮಿಂದು, ಆಯ್ದ ಹೂಗಳನ್ನು ಬಂಡೆಯ ಮೇಲೆ ಹರವುತ್ತಾರೆ. ಅಲ್ಲಿ ಬರುವ 99 ಹೂಗಳ ಪಟ್ಟಿಯಲ್ಲಿ ಮೊದಲ ಹೆಸರು ಕಾಂದಳ್‌ನದು. ಆ ಕೃತಿ ಸೇರಿರುವ ‘ಪತ್ತುಪ್ಪಾಟ್ಟು’ ಸಂಕಲನವನ್ನು ತಾಳೆಗರಿಗಳಿಂದ ಎತ್ತಿ 1889ರಲ್ಲಿ ಅಚ್ಚು ಹಾಕಿಸಿದವರು ಉ.ವೇ. ಸ್ವಾಮಿನಾಥ ಅಯ್ಯರ್. ಅವರ ಹೆಸರಿನ ಗ್ರಂಥಾಲಯ ಇವತ್ತು ಚೆನ್ನೈಯ ಬೆಸೆಂಟ್ ನಗರದಲ್ಲಿದೆ. ಮಹಾರಾಷ್ಟ್ರದಲ್ಲಿ ಇದೇ ಹೂವಿಗೆ ‘ಗೌರೀಚೆ ಹಾತ್’ ಎಂಬ ಹೆಸರಿರುವುದನ್ನು ನೋಡಿದರೆ, ಬೆರಳಿನ ಕಲ್ಪನೆ ಕವಿಗಳದ್ದಷ್ಟೇ ಆಗಿರಲಿಲ್ಲ ಎನಿಸುತ್ತದೆ. ಕೇರಳದಲ್ಲಿ ಇದು ಮೇಂದೋನ್ನಿ. ಡಚ್ಚರ ಕಾಲದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಆ ಹೆಸರಿನಲ್ಲೇ ಚಿತ್ರ ಸಮೇತ ದಾಖಲಾಗಿದೆ. ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಈಗಲೂ ಚಾಲ್ತಿಯಲ್ಲಿದೆ.

ಹೂವಿಗೆ ರಾಜಕೀಯವೂ ತಪ್ಪಿಲ್ಲ. ಕಡಲಾಚೆಯ ಶ್ರೀಲಂಕಾದಲ್ಲಿ ಎಲ್‌ಟಿಟಿಇ ಇದನ್ನು ತಾನು ಬಯಸಿದ ಈಳಂನ ಹೂವೆಂದು ಘೋಷಿಸಿಕೊಂಡಿತ್ತು. ಆಫ್ರಿಕಾದ ಜಿಂಬಾಬ್ವೆಗೂ ಇದೇ ರಾಷ್ಟ್ರಪುಷ್ಪ. 1947ರಲ್ಲಿ ರಾಜಕುಮಾರಿ ಎಲಿಜಬೆತ್‌ಗೆ 21 ತುಂಬಿದಾಗ ಅಲ್ಲಿನ ಮಕ್ಕಳು ಉಡುಗೊರೆ ಕೊಟ್ಟದ್ದು ಈ ಹೂವಿನಾಕಾರದ ವಜ್ರದ ಬ್ರೋಚು.

ಚೆನ್ನೈ ಸುತ್ತಮುತ್ತ ಇದರ ಸ್ವಂತ ಮನೆ ಯಾವುದೆಂದರೆ ಕೋರಮಂಡಲ ಕರಾವಳಿಯ ಕುರುಚಲು ಕಾಡು, ಒಣ ನಿತ್ಯಹರಿದ್ವರ್ಣ ಕಾಡು ಎಂದು ಅರಣ್ಯಶಾಸ್ತ್ರದವರು ಕರೆಯುವ ಪೊದೆಗಾಡು. ಒಂದು ಕಾಲಕ್ಕೆ ಕಡಲುದ್ದಕ್ಕೂ ಹಬ್ಬಿದ್ದ ಈ ಕಾಡು ಈಗ ಊರೊಳಗೆ ತುಂಡುತುಂಡಾಗಿ ಉಳಿದಿದೆ. 1978ರಲ್ಲಿ ರಾಷ್ಟ್ರೀಯ ಉದ್ಯಾನವಾದ ಗಿಂಡಿ, ಅದಕ್ಕೆ ಅಂಟಿಕೊಂಡ ಐಐಟಿ ಆವರಣ, ತೆಂಕಣದ ನನ್ಮಂಗಲಂ ಮೀಸಲು ಅರಣ್ಯ ಅಂಥ ತುಂಡುಗಳು. ಅಡ್ಯಾರ್ ಅಳಿವೆಯ ಹಾಳುಬಿದ್ದ ಜಾಗದಲ್ಲಿ ನಾಡಗಿಡಗಳನ್ನೇ ನೆಟ್ಟು 2011ರಲ್ಲಿ ತೆರೆದ ಅಡ್ಯಾರ್ ಪೂಂಗಾ ಇದೇ ಕಾಡನ್ನು ಮರಳಿ ಕಟ್ಟುವ ಯತ್ನ.

ಕನ್ನಡಿಗರಿಗೆ ಚೆನ್ನೈಯ ತೋಟಗಾರಿಕೆಯೊಂದಿಗೆ ಒಂದು ಬಾದರಾಯಣ ಸಂಬಂಧವೂ ಇದೆ. ಕೆಥೀಡ್ರಲ್ ರಸ್ತೆಯಲ್ಲಿ 1835ರಷ್ಟು ಹಿಂದೆ ಹುಟ್ಟಿದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ಮರಗಳ ನೆರಳಲ್ಲೇ ಉಡುಪಿ ಸೀಮೆಯ ಕೆ. ಕೃಷ್ಣರಾಯರು 1962ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ತೆರೆದರು. ಕಾರಿನಲ್ಲೇ ಕೂತು ದೋಸೆ ತಿನ್ನುವ ಆ ಸುಖ 2008ಕ್ಕೆ ಮುಗಿಯಿತು. ಅದೇ ಜಾಗದಲ್ಲಿ 2010ರ ನವೆಂಬರಿನಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ಎದ್ದಿತು. ಟಿ. ನಗರ, ಮಾಂಬಲಂಗಳ ಹಳೆಯ ಕನ್ನಡ ಮನೆಗಳಲ್ಲಿ ಆ ದೋಸೆಯ ನೆನಪು ಇನ್ನೂ ಹಸಿ. ಊರಿಂದ ಬರುವಾಗ ಅಬ್ಬಲಿಗೆ, ಗೋರಂಟೆ, ಒಂದೆಲಗದ ಬುಡಗಳನ್ನು ಬಾಳೆಲೆಯಲ್ಲಿ ಸುತ್ತಿ ತರುವುದು ಇಂಥ ಮನೆಗಳ ಹಳೆಯ ರೂಢಿ. ಗೌರಿ ಹೂವಿನ ಗಡ್ಡೆಯೂ ಆ ಗಂಟಿನಲ್ಲಿ ಬರಬಹುದು. ಒಂದೇ ಷರತ್ತು: ಬಂದ ಮೇಲೆ ಅದು ಊರಿನ ಗೌರಿ ಹಬ್ಬಕ್ಕೇ ಹೂ ಬಿಡಬೇಕೆಂದು ಹಠ ಹಿಡಿಯಬಾರದು. ಗಡ್ಡೆಗೆ ಗೊತ್ತಿರುವುದು ತಿಥಿ ಅಲ್ಲ, ತೇವ. ಚೆನ್ನೈಯ ಮಳೆಗೆ ಅದು ತಾನಾಗಿ ಹೊಂದಿಕೊಳ್ಳುತ್ತದೆ.

ತಮಿಳುನಾಡಿನ ಕೊಂಗುನಾಡಿಗೆ ಇದು ಮನೆಯ ಅಲಂಕಾರದ ಹೂವಲ್ಲ, ವಾಣಿಜ್ಯ ಬೆಳೆ. ತಿರುಪ್ಪೂರು ಜಿಲ್ಲೆಯ ಮೂಲನೂರು, ಧಾರಾಪುರಂ, ದಿಂಡಿಗಲ್ ಜಿಲ್ಲೆಯ ಒಡ್ಡಂಛತ್ರಂ, ಕರೂರಿನ ಅರವಕುರಿಚಿ, ಈ ಒಣಸೀಮೆಯ ಕೆಂಪು ಮಣ್ಣಿನಲ್ಲಿ ಎಕರೆಗಟ್ಟಲೆ ‘ಕಣ್ವಲಿ ಕಿಳಂಗು’ ಬೆಳೆಯುತ್ತಾರೆ. ಜೂನ್–ಜುಲೈಯಲ್ಲಿ ನಾಟಿ, ಆರು ತಿಂಗಳ ಬೆಳೆ. ಆಸರೆಗೆ ಕಲ್ಲುಕಂಬ ತಂತಿ, ಇಲ್ಲವೇ ಬಂದರಿಕೆಯಂಥ ಬರ ಸಹಿಸುವ ಗಿಡಗಳದ್ದೇ ಸಾಲು. ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಆಳುಗಳು ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುತ್ತಾರೆ. ಹೆಣ್ಣುದಂಡು ಪಕ್ಕಕ್ಕೆ ತಿರುಗಿ ನಿಂತಿರುವ ಆ ಬಿಂಕಕ್ಕೆ ರೈತ ತೆರುವ ಕೂಲಿ ಅದು. ಈ ಪರಿಪಾಟಲೆಲ್ಲ ಬೀಜಕ್ಕಾಗಿ. ಬೀಜದಲ್ಲಿ ಕಾಲ್ಚಿಸಿನ್ ಇದೆ, ಅದು ಗಡ್ಡೆಯಲ್ಲಿರುವುದಕ್ಕಿಂತಲೂ ಹೆಚ್ಚು. ವಾತರಕ್ತ ಎಂದು ನಮ್ಮವರು ಕರೆಯುವ ಗೌಟ್ ಕಾಯಿಲೆಗೆ ಕಾಲ್ಚಿಸಿನ್ ಹಳೆಯ ಮದ್ದು. ಹೃದಯದ ರಕ್ತನಾಳಗಳ ಕಾಯಿಲೆ ಇರುವವರಿಗೆ ಅಲ್ಪ ಪ್ರಮಾಣದಲ್ಲಿ ಕೊಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಸಸ್ಯ ತಳಿವಿಜ್ಞಾನದಲ್ಲಿ ಕ್ರೋಮೋಸೋಮುಗಳನ್ನು ಇಮ್ಮಡಿ ಮಾಡಲೂ ಇದೇ ಬೇಕು. ಬೀಜವಿಲ್ಲದ ಕಲ್ಲಂಗಡಿಯ ಹಿಂದೆ ಈ ರಾಸಾಯನಿಕದ ಕೈವಾಡವಿದೆ. ಹೀಗಾಗಿ ಬೀಜಕ್ಕೆ ಕಿಲೋಗೆ ಸಾವಿರಗಳ ಲೆಕ್ಕದಲ್ಲಿ ಬೆಲೆ. ಬೆಲೆ ಏರಿದ ವರ್ಷ ರೈತ ನಗುತ್ತಾನೆ, ಇಳಿದ ವರ್ಷ ಬೀಜ ಕಟ್ಟಿಟ್ಟುಕೊಂಡು ಕೂರುತ್ತಾನೆ.

ಮದ್ದಾಗುವ ವಸ್ತುವೇ ಪ್ರಮಾಣ ಮೀರಿದರೆ ಪ್ರಾಣ ತೆಗೆಯುತ್ತದೆ. ಇಲ್ಲಿ ಮಾತನ್ನು ಮೆತ್ತಗೆ ಮಾಡುವುದು ಬೇಡ. ಗೌರಿ ಹೂವಿನ ಬಳ್ಳಿಯ ಎಲ್ಲ ಭಾಗವೂ ವಿಷ. ಗಡ್ಡೆ, ಬೀಜಗಳಂತೂ ಘೋರ. ಯಾವುದೋ ಗೆಣಸೆಂದು ತಿಳಿದು ಬೇಯಿಸಿ ತಿಂದವರು, ಬೇಕೆಂದೇ ತಿಂದವರು ಆಸ್ಪತ್ರೆ ಸೇರುವುದು ತಮಿಳುನಾಡಿಗೂ ಶ್ರೀಲಂಕಾಗೂ ಹೊಸದಲ್ಲ. ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ ಹಿಡಿದುಕೊಳ್ಳುತ್ತದೆ. ಆಮೇಲೆ ಒಂದೊಂದೇ ಅಂಗ ಸೋಲುತ್ತದೆ, ರಕ್ತಕಣಗಳ ಉತ್ಪತ್ತಿ ಕುಸಿಯುತ್ತದೆ. ಬದುಕಿ ಉಳಿದವರಿಗೂ ಒಂದೆರಡು ವಾರದ ಮೇಲೆ ತಲೆಗೂದಲು ಉದುರುತ್ತದೆ. ವೈದ್ಯರ ಕೈಯಲ್ಲಿ ಇದಕ್ಕೆಂದೇ ಒಂದು ಪ್ರತಿವಿಷ ಇಲ್ಲ, ಲಕ್ಷಣ ನೋಡಿ ಚಿಕಿತ್ಸೆ ಮಾಡಬೇಕಷ್ಟೆ. ಆಯುರ್ವೇದ ಲಾಂಗಲಿಯನ್ನು ಉಪವಿಷಗಳ ಸಾಲಿನಲ್ಲಿ ಇಟ್ಟಿರುವುದು ಸುಮ್ಮನೆ ಅಲ್ಲ.

ಆದರೆ ಅದೇ ಉಪವಿಷಗಳ ಸಾಲಿನಲ್ಲಿ ಯಾರ್‍ಯಾರಿದ್ದಾರೆ ನೋಡಿ: ಎಕ್ಕ, ಕಳ್ಳಿ, ಗುಲಗಂಜಿ, ದತ್ತೂರ ಮತ್ತು ಕಣಗಿಲೆ. ಕಣಗಿಲೆಯನ್ನು ನಾವು ಹೆದ್ದಾರಿಯ ನಡುಪಟ್ಟಿಯಲ್ಲಿ ಮೈಲುಗಟ್ಟಲೆ ನೆಡುತ್ತೇವೆ, ದೇವರಿಗೆ ಏರಿಸುತ್ತೇವೆ, ಮನೆಯ ಗೇಟಿನ ಪಕ್ಕ ಬೆಳೆಸುತ್ತೇವೆ. ಅದರ ವಿಷ ಎಲ್ಲರಿಗೂ ಗೊತ್ತಿರುವುದರಿಂದಲೇ ಅದರೊಡನೆ ಬಾಳುವುದನ್ನು ಕಲಿತಿದ್ದೇವೆ. ಗೌರಿ ಹೂವಿನ ವಿಷಯದಲ್ಲಿ ತಪ್ಪುವುದು ಆ ತಿಳಿವಳಿಕೆ ಮಾತ್ರ.

ಹಾಗಾಗಿ ಮನೆಯಲ್ಲಿ ಬೆಳೆಸುವವರಿಗೆ ಕೆಲವು ಕಟ್ಟುಪಾಡು. ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಕ್ಕಳಿದ್ದರೆ, ಮಣ್ಣು ಕೆದಕುವ ನಾಯಿ ಇದ್ದರೆ ಈ ಬಳ್ಳಿಯ ಆಸೆ ಸದ್ಯಕ್ಕೆ ಬಿಡುವುದೇ ಸರಿ. ಸುವರ್ಣಗಡ್ಡೆ, ಅರಿಸಿನ, ಶುಂಠಿ ಬೆಳೆಯುವ ಪಾತಿಯ ಹತ್ತಿರ ಇದನ್ನು ತರಲೇಬಾರದು. ತಾರಸಿಯಲ್ಲಿ ತರಕಾರಿ ಒಂದು ಮೂಲೆ, ಇದು ಇನ್ನೊಂದು ಮೂಲೆ. ಗಡ್ಡೆಯನ್ನು ಅಡುಗೆಮನೆಯ ಬುಟ್ಟಿಯಲ್ಲಾಗಲಿ, ಈರುಳ್ಳಿಯ ಪಕ್ಕದಲ್ಲಾಗಲಿ ಇಡುವಂತಿಲ್ಲ. ಕುಂಡದ ಮೇಲೆ ‘ವಿಷದ ಗಡ್ಡೆ’ ಎಂದು ಮನೆಗೆಲಸಕ್ಕೆ ಬರುವವರಿಗೂ ಓದಲು ಬರುವ ಹಾಗೆ ತಮಿಳಿನಲ್ಲಿ ಬರೆದಿಡುವುದು ಒಳ್ಳೆಯದು. ಮುಟ್ಟಿದ ಮೇಲೆ ಸೋಪು ಹಾಕಿ ಕೈತೊಳೆಯಬೇಕು. ಕಾಯಿ ಬಲಿತು ಬಿರಿದಾಗ ಕಿತ್ತಳೆಗೆಂಪು ಬೀಜಗಳು ಮಣಿಗಳಂತೆ ಹೊಳೆಯುತ್ತವೆ, ಮಕ್ಕಳ ಕಣ್ಣು ಬೀಳುವುದು ಅಲ್ಲಿಗೇ. ಹೂ ಬಾಡಿದೊಡನೆ ಕಾಯನ್ನು ಎಳೆಯದಾಗಿರುವಾಗಲೇ ಕತ್ತರಿಸಿದರೆ ಆ ಭಯವೂ ಇಲ್ಲ, ಬೀಜಕ್ಕೆ ಹೋಗುವ ಸತ್ವ ಗಡ್ಡೆಗೆ ಸೇರುವ ಲಾಭವೂ ಇದೆ.

ನೆಡಲು ಕಾಲ ಆಡಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಬಿತ್ತನೆಗೆ ಆಡಿಯನ್ನು ಕಾಯುವುದು ತಮಿಳು ರೈತರ ವಾಡಿಕೆ. ತಾರಸಿಗೂ ಅದು ಹೊಂದುತ್ತದೆ. ಕಾಲು ಕಿಲೋದ ಗಡ್ಡೆಯೇನೂ ಬೇಕಿಲ್ಲ, 50–60 ಗ್ರಾಂ ತೂಕದ, ಕಣ್ಣು ಮುರಿಯದ ಗಡ್ಡೆ ಸಾಕು. ಅದಕ್ಕಿಂತ ಚಿಕ್ಕದು ಮೊದಲ ವರ್ಷ ಬರೀ ಎಲೆ ತೋರಿಸಿ ಮಲಗಬಹುದು. ಬೀಜದಿಂದ ಮಾಡಹೊರಟರೆ ಹೂ ಕಾಣಲು ಮೂರು ನಾಲ್ಕು ವರ್ಷದ ತಾಳ್ಮೆ ಬೇಕು.

ಕುಂಡ ಒಂದಡಿಗಿಂತ ಆಳವಿರಲಿ, ತಳದಲ್ಲಿ ತೂತುಗಳು ಧಾರಾಳವಾಗಿರಲಿ. ಮಣ್ಣೇ ಇಲ್ಲಿ ಮುಖ್ಯ. ಬೆಸೆಂಟ್ ನಗರ, ತಿರುವಾನ್ಮಿಯೂರು ಕಡೆಯವರದ್ದು ಮರಳು ನೆಲ, ಅವರು ಪುಣ್ಯವಂತರು. ಈ ಬಳ್ಳಿಗೆ ಕಡಲಂಚಿನ ಮರಳು ಎಷ್ಟು ಇಷ್ಟವೆಂದರೆ, ಕಾವೇರಿ ಮುಖಜ ಭೂಮಿಯ ವೇದಾರಣ್ಯದ ಮರಳುದಿಬ್ಬಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ದಿಬ್ಬಗಳಿಗೆ ತೋಟಗಳಿಂದ ತಪ್ಪಿಸಿಕೊಂಡು ಹೋಗಿ ಅಲ್ಲಿ ಕಳೆಯೆಂದು ಹೆಸರು ಕೆಡಿಸಿಕೊಂಡಿದೆ. ಮಾಂಬಲಂ, ಅಣ್ಣಾನಗರಗಳ ಜೇಡಿ ನೆಲದವರು ಮಾತ್ರ ನೆಲಕ್ಕೆ ಹಾಕದೆ ಕುಂಡವನ್ನೇ ನೆಚ್ಚುವುದು ಲೇಸು. ಕೆಮ್ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಹಳೆಯ ಗೊಬ್ಬರ ಒಂದು ಪಾಲು. ಹಸಿ ಸಗಣಿ, ತೆಂಗಿನ ನಾರಿನ ಪುಡಿ ಬೇಡ. ತಾರಸಿ ತೋಟದ ಕಿಟ್ಟುಗಳಲ್ಲಿ ಬರುವ ಆ ನಾರಿನ ಪುಡಿ ಸೊಪ್ಪು ತರಕಾರಿಗೆ ವರ, ಇದಕ್ಕೆ ಶಾಪ. ಸದಾ ತೇವ ಹಿಡಿದಿಟ್ಟು ಗಡ್ಡೆ ಕೊಳೆಸುತ್ತದೆ.

ಗಡ್ಡೆಯನ್ನು ಮಲಗಿಸಿ ಎರಡು ಮೂರು ಅಂಗುಲ ಮಣ್ಣು ಮುಚ್ಚಬೇಕು. ಕಣ್ಣಿರುವ ತುದಿ ಆಸರೆಯ ಕಡೆಗಿರಲಿ. ಆಸರೆಯ ಕಡ್ಡಿಯನ್ನು ನೆಡುವ ದಿನವೇ ಊರಿಬಿಡಬೇಕು, ಆಮೇಲೆ ಚುಚ್ಚಲು ಹೋದರೆ ಅದು ಗಡ್ಡೆಗೇ ಚುಚ್ಚುತ್ತದೆ. ಮೊಳಕೆ ಕಾಣುವವರೆಗೆ ವಾರಕ್ಕೊಮ್ಮೆ ಮಣ್ಣು ನೆನೆಯುವಷ್ಟು ನೀರು ಸಾಕು. ಮೂರು ನಾಲ್ಕು ವಾರವಾದರೂ ಏನೂ ಕಾಣಲಿಲ್ಲವೆಂದು ಕೆದಕಿ ನೋಡುವ ಕುತೂಹಲ ಅನೇಕ ಗಡ್ಡೆಗಳ ಕಣ್ಣು ಕಳೆದಿದೆ. ಬಳ್ಳಿ ಏರತೊಡಗಿದ ಮೇಲೆ ಮಳೆ ಇಲ್ಲದ ದಿನ ಮಣ್ಣಿನ ಮೇಲ್ಪದರ ಒಣಗಿದ್ದು ನೋಡಿ ನೀರು ಹಾಕಬೇಕು. ಅರ್ಧ ದಿನದ ಬಿಸಿಲಾದರೂ ಬೇಕು.

ಹೂವಿನ ಕಾಲದಲ್ಲಿ ಇಬ್ಬರು ಶತ್ರುಗಳು. ಒಂದು ಕಪ್ಪು ಮೈಯಲ್ಲಿ ಬಿಳಿ, ಕೆಂಪು ಚುಕ್ಕೆಯಿರುವ ಕಂಬಳಿಹುಳುವಿನಂಥ ಹುಳು. ಪೊಲಿಟೆಲಾ ಗ್ಲೋರಿಯೋಸೇ ಎಂಬ ಪತಂಗದ ಮರಿ. ಹೆಸರಿನಲ್ಲೇ ಗಿಡದ ಹೆಸರು ಹೊತ್ತಿರುವ ಈ ಹುಳು ವಿಷವನ್ನು ಲೆಕ್ಕಿಸದೆ ಎಲೆ ಮುಕ್ಕುತ್ತದೆ, ಗುಂಪಾಗಿ ಬಂದರೆ ಬಳ್ಳಿಯನ್ನು ಬೋಳು ಮಾಡುತ್ತದೆ. ಕುಂಡದ ಮಟ್ಟಿಗೆ ಕಡ್ಡಿಯಿಂದ ಆಯ್ದು ತೆಗೆದರೆ ಸಾಕು, ಔಷಧಿ ಹೊಡೆಯಬೇಕಿಲ್ಲ. ಪತಂಗ ನೋಡಲು ಚೆಂದ, ಒಂದೆರಡು ಹುಳು ಬಿಟ್ಟರೂ ನಷ್ಟವಿಲ್ಲ. ಇನ್ನೊಂದು ಶತ್ರು ಗಾಳಿ. ಕಾಂಡ ಬಲು ಪೆಡಸು, ಮುರಿದರೆ ಆ ವರ್ಷದ ಕಥೆ ಮುಗಿದಂತೆ. 2016ರ ಡಿಸೆಂಬರ್ 12ರ ವಾರ್ಧಾ, 2023ರ ಡಿಸೆಂಬರಿನ ಮಿಚಾಂಗ್, ಎರಡೂ ಚಂಡಮಾರುತಗಳು ಚೆನ್ನೈಯನ್ನು ಕಾಡಿದ್ದು ಈ ಬಳ್ಳಿ ಹೂ ಬಿಡುವ ಕಾಲದಲ್ಲೇ. ಚಂಡಮಾರುತದ ಮುನ್ಸೂಚನೆ ಬಂದಾಗ ಕುಂಡವನ್ನು ಗೋಡೆಯ ಮರೆಗೆ ಸರಿಸಬೇಕು, ತಟ್ಟೆಯಲ್ಲಿ ನಿಂತ ನೀರು ಚೆಲ್ಲಬೇಕು. ಹೆಚ್ಚಿನ ಗಡ್ಡೆಗಳು ಸಾಯುವುದು ಬರಗಾಲದಲ್ಲಲ್ಲ, ನೀರು ನಿಂತಾಗ.

ಜನವರಿ ಕಳೆದು ಎಲೆ ಹಳದಿಯಾಗತೊಡಗಿದರೆ ನೀರು ನಿಲ್ಲಿಸಿಬಿಡಬೇಕು. ಪಾಪ ಎನಿಸಿ ಒಂದು ಚೊಂಬು ಹಾಕುವ ಕೈಯನ್ನು ತಡೆದುಕೊಳ್ಳುವುದೇ ಈ ಗಿಡದ ಆರೈಕೆಯಲ್ಲಿ ಕಷ್ಟದ ಭಾಗ. ಬಳ್ಳಿ ಪೂರ್ತಿ ಒಣಗಿದ ಮೇಲೆ ಕುಂಡವನ್ನು ಮೆಟ್ಟಿಲ ಕೆಳಗೋ, ಪೋರ್ಟಿಕೋದ ಮೂಲೆಗೋ ಎತ್ತಿಟ್ಟು ಜುಲೈವರೆಗೆ ಮರೆಯಬೇಕು. ಗಡ್ಡೆ ತೆಗೆದು ಒಣ ಮರಳಿನಲ್ಲಿ ಇಡುವವರೂ ಇದ್ದಾರೆ. ಒಂದೇ ಗಡ್ಡೆಯ ಜಾಗದಲ್ಲಿ ಮುಂದೆ ಹೆಚ್ಚು ಸಿಗಬಹುದು, ಆಗ ಬಿಡಿಸಿ ಬೇರೆ ಕುಂಡಕ್ಕೆ ಹಾಕಬಹುದು. ಬೇಸಿಗೆಯ ನಾಲ್ಕೈದು ತಿಂಗಳು, ನಗರಕ್ಕೆ ನೀರಿನ ತತ್ವಾರ ಇರುವ ಅದೇ ತಿಂಗಳುಗಳು, ಈ ಕುಂಡದ ನೀರಿನ ಖರ್ಚು ಸೊನ್ನೆ.

ವಿಷದ ಯೋಚನೆಯೇ ಬೇಡ ಎನ್ನುವವರಿಗೆ ಬೇರೆ ದಾರಿಗಳಿವೆ. ಹಳದಿ ಹೂವಿನ ಮುಳ್ಳುಗೋರಂಟೆ ಒಮ್ಮೆ ನೆಲ ಹಿಡಿದರೆ ವರ್ಷಗಟ್ಟಲೆ ನಿಲ್ಲುತ್ತದೆ, ಬೇಲಿಯೂ ಆಗುತ್ತದೆ. ವಿಷ್ಣುಕ್ರಾಂತಿ ಅಂಗೈಯಗಲದ ಒಣ ಜಾಗದಲ್ಲಿ ನೆಲಕ್ಕೆ ಹರಡಿ ಬೆಳಗಿನ ಹೊತ್ತು ಪುಟ್ಟ ನೀಲಿ ಹೂ ತೆರೆಯುತ್ತದೆ. ಇವೆರಡೂ ಇದೇ ಪೊದೆಗಾಡಿನ ಮಕ್ಕಳು. ಗೌರಿ ಹೂವಿನ ಬೆಡಗು ಇವಕ್ಕಿಲ್ಲ, ಅದು ಬೇರೆ ಮಾತು.

ಕೊನೆಯದಾಗಿ ಗಡ್ಡೆ ಎಲ್ಲಿಂದ ತರುವುದು? ಔಷಧಿ ವ್ಯಾಪಾರಕ್ಕೆಂದು ಕಾಡಿನಿಂದ, ಬೇಲಿಯಿಂದ ಗಡ್ಡೆ ಅಗೆದು ಅಗೆದು ಎಷ್ಟೋ ಕಡೆ ಈ ಬಳ್ಳಿ ಅಪರೂಪವಾಗಿದೆ. ಗಡ್ಡೆ ಕಿತ್ತರೆ ಗಿಡದ ಮುಂದಿನ ವರ್ಷವನ್ನೇ ಕಿತ್ತಂತೆ. ಹೂ ಕೊಯ್ದಷ್ಟು ಹಗುರದ ವಿಷಯ ಅದಲ್ಲ. ಗಿಂಡಿಯಂಥ ರಕ್ಷಿತ ಅರಣ್ಯದಿಂದ ಒಂದು ಕಡ್ಡಿ ತಂದರೂ ಅಪರಾಧ. ಊರಿಗೆ ಹೋದಾಗ ಬೆಟ್ಟದಲ್ಲಿ ಕಂಡದ್ದನ್ನು ಅಗೆದು ತರುವ ಆಸೆಗೂ ಇದೇ ಮಾತು ಅನ್ವಯ. ದಿಂಡಿಗಲ್, ತಿರುಪ್ಪೂರು ಕಡೆಯ ಬೆಳೆಗಾರರ ಹೊಲದಲ್ಲಿ ಪ್ರತಿ ವರ್ಷ ಗಡ್ಡೆ ಮಿಗುತ್ತದೆ, ಅವರು ಬಿತ್ತನೆಗೆಂದು ಮಾರುತ್ತಾರೆ. ಮನೆಗೆ ಎರಡು ಗಡ್ಡೆ ಬೇಕೆನ್ನುವವರು ಕೇಳಬೇಕಾದದ್ದು ಅವರನ್ನು. ಕೊಳ್ಳುವಾಗ ತೋಳಿನ ತುದಿ ಮುರಿದಿಲ್ಲವೇ ಎಂದು ನೋಡಿ ಕೊಳ್ಳಿ, ಆಡಿ ತಿಂಗಳು ಮುಗಿಯುವ ಮೊದಲು ಮಣ್ಣಿಗೆ ಹಾಕಿ.